ಹಳೆಯ ಲ್ಯಾಪ್‌ಟಾಪಿನ ಧ್ವನಿಯಲ್ಲಿ ಚಟಪಟ, ಗುಂಯ್ ಮತ್ತು ಗರಗರ: ಮೂರಕ್ಕೂ ಕಾರಣ ಒಂದೇ ಇರಬಹುದೇ?

ಪ್ರಶ್ನೆ

ನಮಸ್ಕಾರ. 2014ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದನ್ನು ಶಿರಸಿಯ ನಮ್ಮ ಮನೆಯಲ್ಲಿ ಈಗಲೂ ಬಳಸುತ್ತಿದ್ದೇನೆ. ನಾಲ್ಕನೆಯ ಪೀಳಿಗೆಯ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೆಯ ಮಾದರಿಯ ಹಾರ್ಡ್‌ಡಿಸ್ಕ್. ಬರುವಾಗ ವಿಂಡೋಸ್ 8.1 ಇದ್ದುದನ್ನು ಆಮೇಲೆ ವಿಂಡೋಸ್ 10ಕ್ಕೆ ಬದಲಾಯಿಸಿದೆವು. ನನ್ನ ಮುಖ್ಯ ಉಪಯೋಗ ತಾಳಮದ್ದಳೆ ಮತ್ತು ಯಕ್ಷಗಾನದ ಹಳೆಯ ಧ್ವನಿಮುದ್ರಣಗಳನ್ನು ಕೇಳುವುದು. ಸಂಜೆ ನಾಲ್ಕು ಜನ ಸೇರಿದಾಗ ಲ್ಯಾಪ್‌ಟಾಪಿನಿಂದ ವೈರ್ ಎಳೆದು ಜಗಲಿಯ ಆಂಪ್ಲಿಫೈಯರಿಗೆ ಜೋಡಿಸುತ್ತೇವೆ.

ಈಚೆಗೆ ಧ್ವನಿ ಕೆಟ್ಟಿದೆ. ಭಾಗವತರ ಪದ ನಡೆಯುತ್ತಿರುವಾಗ ನಡುನಡುವೆ ಚಟಪಟ ಎಂದು ಒಡೆಯುತ್ತದೆ. ಮದ್ದಳೆಯ ಪೆಟ್ಟು ಬಿದ್ದಾಗ ಲ್ಯಾಪ್‌ಟಾಪಿನ ಸ್ಪೀಕರ್ ಗರಗರ ಎನ್ನುತ್ತದೆ. ಆಂಪ್ಲಿಫೈಯರಿಗೆ ಜೋಡಿಸಿದರೆ ಹಾಡು ಹಾಕದಿದ್ದರೂ ಗುಂಯ್ ಎಂಬ ಸದ್ದು ನಿರಂತರವಾಗಿ ಬರುತ್ತದೆ. ಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ತೋರಿಸಿದಾಗ, ಮದರ್‌ಬೋರ್ಡಿನ ಸೌಂಡ್ ಚಿಪ್ ಹೋಗಿದೆ, ಬೋರ್ಡನ್ನೇ ಬದಲಾಯಿಸಬೇಕು ಎಂದರು. ಅಷ್ಟು ಹಣ ಹಾಕುವುದು ಸರಿಯೇ, ಬೇರೆ ದಾರಿ ಇದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ

ನಮಸ್ಕಾರ ಸರ್. ಬೋರ್ಡ್ ಬದಲಾಯಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಸೌಂಡ್ ಚಿಪ್, ಅಂದರೆ ಕೋಡೆಕ್, ಸತ್ತಿದ್ದರೆ ಸಾಮಾನ್ಯವಾಗಿ ಧ್ವನಿಯೇ ಬರುವುದಿಲ್ಲ, ಅಥವಾ ಯಂತ್ರಕ್ಕೆ ಅಂಥದ್ದೊಂದು ಸಾಧನ ಇರುವುದೇ ಕಾಣುವುದಿಲ್ಲ. ನೀವು ಬರೆದಿರುವ ಮೂರು ಸದ್ದುಗಳು ಮೂರು ಬೇರೆ ಬೇರೆ ಸಂದರ್ಭಗಳಲ್ಲಿ ಬರುತ್ತಿವೆ, ಆದ್ದರಿಂದ ಅವು ಮೂರು ಬೇರೆ ತೊಂದರೆಗಳಾಗಿರುವ ಸಾಧ್ಯತೆಯೇ ಹೆಚ್ಚು. ಹತ್ತು ವರ್ಷ ದಾಟಿದ ಯಂತ್ರದಲ್ಲಿ ಹೀಗೆ ಒಂದರ ಮೇಲೊಂದು ದೋಷ ಕೂಡಿಕೊಳ್ಳುವುದು ಅಪರೂಪವಲ್ಲ. ಎಲ್ಲವನ್ನೂ ಒಂದೇ ಕಾರಣದ ತಲೆಗೆ ಕಟ್ಟಲು ಹೊರಟಾಗಲೇ ರಿಪೇರಿಯ ಖರ್ಚು ಏರುತ್ತದೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕಿವಿಯಿಂದಲೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಇವುಗಳಿಗೆ ಹಣ ಬೇಡ.

ಮೊದಲನೆಯದಾಗಿ, ಧ್ವನಿಯನ್ನು ಪೂರ್ತಿ ಮ್ಯೂಟ್ ಮಾಡಿ, ಕೋಣೆಯ ಫ್ಯಾನ್ ಆರಿಸಿ, ಕೀಬೋರ್ಡಿನ ಹತ್ತಿರ ಕಿವಿ ಇಟ್ಟು ಕೇಳಿ. ಮ್ಯೂಟ್ ಆಗಿದ್ದರೂ ಸಣ್ಣ ಕಿರ್‌ಕಿರ್ ಅಥವಾ ಸಿಳ್ಳೆಯಂಥ ಸದ್ದು ಬರುತ್ತಿದ್ದು, ಬ್ರೌಸರಿನ ಪುಟವನ್ನು ಮೇಲೆ ಕೆಳಗೆ ಸರಿಸಿದಾಗ ಅದು ಬದಲಾದರೆ ಅದು ಸ್ಪೀಕರಿನದಲ್ಲ. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಸರ್ಕ್ಯೂಟಿನ ಕಾಯಿಲ್‌ಗಳು ಮತ್ತು ಸೆರಾಮಿಕ್ ಕೆಪಾಸಿಟರ್‌ಗಳು ಕೆಲಸದ ಹೊರೆ ಏರಿಳಿದಂತೆ ನಡುಗಿ ಹಾಗೆ ಸದ್ದು ಮಾಡುತ್ತವೆ. ಅದರಿಂದ ಯಂತ್ರಕ್ಕೆ ಹಾನಿಯಿಲ್ಲ. ಸ್ಪೀಕರ್ ಬದಲಾಯಿಸಿದರೆ ಅದು ಹೋಗುವುದೂ ಇಲ್ಲ.

ಎರಡನೆಯದಾಗಿ, ಚಟಪಟ ಬರುವ ಹಾಡಿನ ಒಂದು ತುಣುಕನ್ನು ಆರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಕೇಳಿ. ಪ್ರತಿಸಲವೂ ಅದೇ ಅಕ್ಷರದ ಮೇಲೆ ಒಡೆದರೆ ದೋಷ ಮುದ್ರಣದಲ್ಲಿದೆ ಅಥವಾ ಸ್ಪೀಕರಿನ ಪೊರೆಯಲ್ಲಿದೆ. ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಒಡೆದರೆ ಅದು ಸಮಯದ ತೊಂದರೆ. ಅಂದರೆ ಧ್ವನಿಯ ದತ್ತಾಂಶ ಸರಿಯಾದ ಕ್ಷಣಕ್ಕೆ ಕೋಡೆಕ್‌ಗೆ ತಲುಪುತ್ತಿಲ್ಲ. ಈ ಒಂದು ಪರೀಕ್ಷೆ ಅನೇಕ ಗಂಟೆಗಳ ಹುಡುಕಾಟವನ್ನು ಉಳಿಸುತ್ತದೆ. ಆದರೂ ಇದನ್ನು ಮಾಡದೆಯೇ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ತೆಗೆದು ಹಾಕುವವರೇ ಹೆಚ್ಚು.

ಮೂರನೆಯದಾಗಿ, ಇಯರ್‌ಫೋನ್ ಹಾಕಿ ಕೇಳಿ. ಗರಗರ ಇಯರ್‌ಫೋನಿನಲ್ಲಿ ಬಾರದೆ ಒಳಗಿನ ಸ್ಪೀಕರಿನಲ್ಲಿ ಮಾತ್ರ ಬಂದರೆ ಚಿಪ್ಪಿನ ಮೇಲಿನ ಸಂಶಯ ಬಹುಮಟ್ಟಿಗೆ ಹೋದಂತೆ.

ನಾಲ್ಕನೆಯದು ಗುಂಯ್ ಸದ್ದಿಗೆ ಸಂಬಂಧಿಸಿದ್ದು. ಆಂಪ್ಲಿಫೈಯರ್ ಜೋಡಿಸಿರುವಾಗಲೇ ಲ್ಯಾಪ್‌ಟಾಪಿನ ಚಾರ್ಜರ್ ಪಿನ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ, ಸದ್ದು ಆ ಕ್ಷಣವೇ ನಿಂತಿತೇ ಎಂದು ಗಮನಿಸಿ. ಲ್ಯಾಪ್‌ಟಾಪಿನ ವಾಲ್ಯೂಮ್ ಏರಿಸಿ ಇಳಿಸಿದಾಗ ಗುಂಯ್ ಹೆಚ್ಚು ಕಡಿಮೆ ಆಗುತ್ತದೆಯೇ ಎಂಬುದನ್ನೂ ನೋಡಿ. ಬದಲಾಗದಿದ್ದರೆ ಆ ಸದ್ದು ವಾಲ್ಯೂಮ್ ನಿಯಂತ್ರಣ ದಾಟಿದ ಮೇಲೆ ಎಲ್ಲಿಂದಲೋ ಸೇರಿಕೊಳ್ಳುತ್ತಿದೆ ಎಂದು ಅರ್ಥ.

ಇವಿಷ್ಟನ್ನು ಮಾಡಿ ಫಲ ತಿಳಿಸಿ. ಅಲ್ಲಿಯವರೆಗೆ ಏನನ್ನೂ ಅಳಿಸಬೇಡಿ, ಬಿಚ್ಚಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಹೇಳಿದಂತೆ ಮಾಡಿದೆ. ಮ್ಯೂಟ್ ಮಾಡಿದಾಗ ಯಾವ ಸದ್ದೂ ಇಲ್ಲ. ಚಟಪಟ ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ಬರುತ್ತದೆ, ಇಯರ್‌ಫೋನಿನಲ್ಲೂ ಬರುತ್ತದೆ. ಗರಗರ ಮಾತ್ರ ಇಯರ್‌ಫೋನಿನಲ್ಲಿ ಇಲ್ಲವೇ ಇಲ್ಲ. ಒಳಗಿನ ಸ್ಪೀಕರಿನಲ್ಲಿ ಮದ್ದಳೆಗೆ ಬರುತ್ತದೆ, ಚೆಂಡೆಗೆ ಬರುವುದಿಲ್ಲ. ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತುಬಿಟ್ಟಿತು. ಲ್ಯಾಪ್‌ಟಾಪಿನ ವಾಲ್ಯೂಮಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ.

ಇನ್ನೊಂದು ವಿಷಯ: ಚಾರ್ಜರ್ ಹಾಕಿರುವಾಗ ಬರಿಗಾಲಿನಲ್ಲಿ ನಿಂತು ಲ್ಯಾಪ್‌ಟಾಪಿನ ಲೋಹದ ಅಂಚು ಮುಟ್ಟಿದರೆ ಸಣ್ಣಗೆ ಜುಮ್ ಎನ್ನುತ್ತದೆ. ಇದಕ್ಕೂ ಅದಕ್ಕೂ ನಂಟಿದೆಯೇ?

ಉತ್ತರ

ನಂಟಿದೆ ಸರ್, ಹಾಗಾಗಿ ಅದರಿಂದಲೇ ಆರಂಭಿಸುತ್ತೇನೆ. ಇದು ಧ್ವನಿಯ ವಿಷಯ ಮಾತ್ರವಲ್ಲ, ಸುರಕ್ಷತೆಯ ವಿಷಯವೂ ಹೌದು.

ಲ್ಯಾಪ್‌ಟಾಪಿನ ಅಡಾಪ್ಟರ್ 230 ವೋಲ್ಟಿನ ಎಸಿ ವಿದ್ಯುತ್ತನ್ನು ಅತಿ ವೇಗವಾಗಿ ಹಾಕಿ ಆರಿಸಿ ಸಣ್ಣ ವೋಲ್ಟೇಜಿನ ಡಿಸಿಯಾಗಿ ಪರಿವರ್ತಿಸುತ್ತದೆ. ಹಾಗೆ ಮಾಡುವಾಗ ಹುಟ್ಟುವ ವಿದ್ಯುತ್ ಗದ್ದಲವನ್ನು ತಡೆಯಲು ಅದರ ಎರಡು ಬದಿಗಳ ನಡುವೆ ಸಣ್ಣದೊಂದು ಕೆಪಾಸಿಟರ್ ಇರುತ್ತದೆ, ಅದರ ಮೂಲಕ ಅತ್ಯಲ್ಪ ಪ್ರಮಾಣದ ಕರೆಂಟ್ ಲ್ಯಾಪ್‌ಟಾಪಿನ ಲೋಹದ ಭಾಗಗಳಿಗೆ ಸೋರುತ್ತದೆ. ಮೂರು ಪಿನ್ನಿನ ಅಡಾಪ್ಟರಿನಲ್ಲಿ, ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಸರಿಯಾಗಿದ್ದರೆ, ಆ ಸೋರಿಕೆ ಅರ್ಥ್ ತಂತಿಯ ಮೂಲಕ ನೆಲಕ್ಕೆ ಹೋಗುತ್ತದೆ. ಅಡಾಪ್ಟರಿಗೆ ಎರಡೇ ಪಿನ್ ಇದ್ದರೆ, ಅಥವಾ ಮೂರು ಪಿನ್ ಇದ್ದೂ ಸಾಕೆಟ್ಟಿನ ಅರ್ಥ್ ಎಲ್ಲಿಗೂ ಸೇರಿರದಿದ್ದರೆ, ಅದು ಬೇರೆ ದಾರಿ ಹುಡುಕುತ್ತದೆ. ನೀವು ಮುಟ್ಟಿದಾಗ ನಿಮ್ಮ ಮೈ ಆ ದಾರಿಯಾಗುತ್ತದೆ. ಆಂಪ್ಲಿಫೈಯರ್ ಜೋಡಿಸಿದಾಗ ಆಡಿಯೊ ವೈರಿನ ಹೊರಹೆಣಿಗೆ, ಅಂದರೆ ಒಳತಂತಿಯನ್ನು ಸುತ್ತಿರುವ ಲೋಹದ ಜಾಲರಿ, ಆ ದಾರಿಯಾಗುತ್ತದೆ. ಆಡಿಯೊ ಸಂಕೇತಕ್ಕೂ ಅದೇ ಹೆಣಿಗೆ ಆಧಾರವಾಗಿರುವುದರಿಂದ ಸೋರಿಕೆಯ ಕರೆಂಟ್ ಗುಂಯ್ ಆಗಿ ಕೇಳಿಸುತ್ತದೆ. ನಮ್ಮಲ್ಲಿ ಕರೆಂಟಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಗುಂಯ್ 50 ಅಥವಾ 100 ಹರ್ಟ್ಸ್‌ನಲ್ಲಿ ಇರುತ್ತದೆ. ಕಿವಿಗೆ ಚುಚ್ಚುವ ಮೇಲಿನ ಸ್ವರಗಳೂ ಕೂಡಿಕೊಂಡಿರಬಹುದು.

ಇದಕ್ಕೆ ತದ್ವಿರುದ್ಧ ಎನಿಸುವ ಇನ್ನೊಂದು ಪ್ರಸಂಗವೂ ಇದೆ. ಲ್ಯಾಪ್‌ಟಾಪ್ ಮತ್ತು ಆಂಪ್ಲಿಫೈಯರ್ ಎರಡಕ್ಕೂ ಅರ್ಥಿಂಗ್ ಇದ್ದು, ಅವು ಮನೆಯ ಬೇರೆ ಬೇರೆ ಮೂಲೆಗಳ ಸಾಕೆಟ್ಟಿನಿಂದ ಬಂದಾಗ, ಎರಡು ಅರ್ಥ್ ತಂತಿಗಳು ಮತ್ತು ಆಡಿಯೊ ವೈರ್ ಸೇರಿ ಒಂದು ದೊಡ್ಡ ಬಳೆ ಏರ್ಪಡುತ್ತದೆ. ಆ ಬಳೆಯಲ್ಲಿ ಹರಿಯುವ ಕರೆಂಟೂ ಗುಂಯ್ ಆಗಿಯೇ ಕೇಳುತ್ತದೆ. ನಿಮಗೆ ಜುಮ್ ಎನ್ನುವುದರಿಂದ ನಿಮ್ಮದು ಮೊದಲಿನ ಪ್ರಸಂಗ ಎಂದು ನನ್ನ ಅನಿಸಿಕೆ.

ಆದ್ದರಿಂದ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಆ ಸಾಕೆಟ್ಟಿನ ಅರ್ಥ್ ಪಾಯಿಂಟಿನಿಂದ ಅಂಗಳದ ಅರ್ಥಿಂಗ್ ಗುಂಡಿಯವರೆಗೆ ಸಂಪರ್ಕ ಇದೆಯೇ ಎಂದು ಪರೀಕ್ಷಿಸಿಸಿ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಮೇಲಿನ ದೊಡ್ಡ ತೂತಿಗೆ ತಂತಿಯನ್ನೇ ಕೊಟ್ಟಿರದ ಉದಾಹರಣೆಗಳು ಬೇಕಾದಷ್ಟಿವೆ. ಇದ್ದಿಲು, ಉಪ್ಪು ಹಾಕಿದ ಹಳೆಯ ಗುಂಡಿ ಬೇಸಿಗೆಯಲ್ಲಿ ಒಣಗಿದಾಗ ಅದರ ರೋಧ ಏರುವುದರಿಂದಲೇ ಅದಕ್ಕೆ ಆಗಾಗ ನೀರು ಹಾಕುವ ಪದ್ಧತಿ ಇದೆ. ಸದ್ದು ಬೇಸಿಗೆಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ ಎಂದು ನಿಮಗೆ ಅನಿಸಿದ್ದರೆ ಅಲ್ಲೇ ನೋಡಬೇಕು.

ಅರ್ಥಿಂಗ್ ಸರಿಯಾದ ಮೇಲೆ ಲ್ಯಾಪ್‌ಟಾಪ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಆಗ ಬಳೆಯ ಗಾತ್ರ ಕುಗ್ಗುತ್ತದೆ. ಅಷ್ಟಾದರೂ ಸ್ವಲ್ಪ ಉಳಿದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಡಬ್ಬಿಯನ್ನು ಆಡಿಯೊ ವೈರಿನ ನಡುವೆ ಸೇರಿಸಬಹುದು. ಅದರೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು ಇರುತ್ತವೆ. ಸಂಕೇತ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಯ ನೇರ ಸಂಪರ್ಕ ಕಡಿದುಹೋಗುತ್ತದೆ. ತೀರ ಅಗ್ಗದ ಐಸೊಲೇಟರ್ ಮದ್ದಳೆಯ ಕೆಳಸ್ವರವನ್ನು ತಿಂದುಹಾಕುತ್ತದೆ ಎಂಬುದನ್ನು ನಿಮ್ಮಂಥ ಕೇಳುಗರಿಗೆ ಹೇಳಲೇಬೇಕು.

ಒಂದು ಎಚ್ಚರಿಕೆ. ಮೂರನೆಯ ಪಿನ್ ಕತ್ತರಿಸಿದರೆ ಅಥವಾ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದರೆ ಗುಂಯ್ ಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಕೆಲವೊಮ್ಮೆ ಹೋಗುವುದೂ ನಿಜ. ಆದರೆ ಆಂಪ್ಲಿಫೈಯರಿನ ಒಳಗೆ ಫೇಸ್ ತಂತಿ ಸಡಿಲಗೊಂಡು ಲೋಹದ ಪೆಟ್ಟಿಗೆಗೆ ತಾಗಿದ ದಿನ ಜೀವ ಉಳಿಸುವುದು ಅದೇ ಪಿನ್. ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ಇನ್ನು ಚಟಪಟ. ಇದು ಬೇರೆ ಬೇರೆ ಜಾಗದಲ್ಲಿ, ಇಯರ್‌ಫೋನಿನಲ್ಲೂ ಬರುತ್ತಿರುವುದರಿಂದ ಸ್ಪೀಕರನ್ನು ಮರೆತುಬಿಡಿ. ವಿಂಡೋಸ್ ಧ್ವನಿಯನ್ನು ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ತುಂಡುಗಳಲ್ಲಿ ಒದಗಿಸುತ್ತದೆ. 48,000 ಹರ್ಟ್ಸ್ ದರದಲ್ಲಿ ಒಂದು ತುಂಡಿನಲ್ಲಿ 480 ಸ್ಯಾಂಪಲ್‌ಗಳು, ಅಂದರೆ ಧ್ವನಿಯ ಅಲೆಯ 480 ಅಳತೆಗಳು. ಒಂದು ತುಂಡು ಮುಗಿಯುವುದರೊಳಗೆ ಮುಂದಿನದು ಸಿದ್ಧವಿರಬೇಕು. ಆ ಹೊತ್ತಿನಲ್ಲಿ ವೈಫೈ ಡ್ರೈವರ್, ಗ್ರಾಫಿಕ್ಸ್ ಡ್ರೈವರ್ ಅಥವಾ ಬ್ಯಾಟರಿಯ ಸ್ಥಿತಿ ಓದುವ ಭಾಗ ಪ್ರೊಸೆಸರನ್ನು ಹಿಡಿದು ಕೂತರೆ ತುಂಡು ತಡವಾಗಿ, ಧ್ವನಿಯ ಅಲೆ ನಡುವೆ ಕಡಿದು, ಕಿವಿಗೆ ಪಟ್ ಎಂದು ಕೇಳುತ್ತದೆ. ಕೋಡೆಕ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಇದು ತಪ್ಪುವುದಿಲ್ಲ.

ಪರೀಕ್ಷೆ ಸುಲಭ. ಹಾಡನ್ನು ಯಂತ್ರಕ್ಕೆ ಇಳಿಸಿಕೊಂಡು, ಫ್ಲೈಟ್ ಮೋಡ್ ಹಾಕಿ, ಬ್ರೌಸರ್ ಮುಚ್ಚಿ ಕೇಳಿ. ಆಗ ಚಟಪಟ ನಿಂತರೆ ವೈಫೈ ಅಥವಾ ಬ್ರೌಸರಿನ ಹೊರೆ ಕಾರಣ. ಲೇಟೆನ್ಸಿಮಾನ್ ಎಂಬ ತಂತ್ರಾಂಶ ಸಿಗುತ್ತದೆ. ಅದನ್ನು ಹಾಡಿನ ಜೊತೆ ಸ್ವಲ್ಪ ಹೊತ್ತು ಓಡಲು ಬಿಟ್ಟರೆ ಯಾವ ಡ್ರೈವರ್ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತಿದೆ ಎಂಬುದನ್ನು ಹೆಸರು ಸಹಿತ ತೋರಿಸುತ್ತದೆ. ಅದರಲ್ಲೇ ಹಾರ್ಡ್ ಪೇಜ್‌ಫಾಲ್ಟ್ ಎಂಬ ಸಂಖ್ಯೆಯನ್ನೂ ನೋಡಿ. ರ‍್ಯಾಮ್ ಸಾಲದೆ ಯಂತ್ರ ಹಾರ್ಡ್‌ಡಿಸ್ಕಿಗೆ ಓಡುವ ಪ್ರತಿ ಸಂದರ್ಭವೂ ಅಲ್ಲಿ ದಾಖಲಾಗುತ್ತದೆ.

ಗರಗರದ ವಿಷಯವನ್ನು ಈ ಫಲ ಬಂದ ಮೇಲೆ ನೋಡೋಣ. ಆದರೆ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ: ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರಿನ ಪ್ರಾಪರ್ಟೀಸ್ ತೆರೆದು, ಎನ್‌ಹ್ಯಾನ್ಸ್‌ಮೆಂಟ್ಸ್ ವಿಭಾಗದಲ್ಲಿ ಎಲ್ಲವನ್ನೂ ನಿಷ್ಕ್ರಿಯಗೊಳಿಸಿ. ಬಾಸ್ ಬೂಸ್ಟ್ ಹಾಕಿಟ್ಟ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್ ಗರಗರ ಎನ್ನದಿದ್ದರೇ ಆಶ್ಚರ್ಯ.

ಮತ್ತೊಬ್ಬರ ಪ್ರಶ್ನೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದೂ ಹಳೆಯ ಲ್ಯಾಪ್‌ಟಾಪ್, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದ್ದೇನೆ. ಹಾಡಿನ ನಡುವೆ ಯಾವ ತೊಂದರೆಯೂ ಇಲ್ಲ. ಆದರೆ ಹಾಡು ನಿಂತು ಕೆಲವು ಕ್ಷಣಗಳ ನಂತರ ಒಮ್ಮೆ ಟಕ್ ಎನ್ನುತ್ತದೆ, ಮತ್ತೆ ಹಾಡು ಶುರುವಾಗುವಾಗ ಇನ್ನೊಮ್ಮೆ ಟಕ್. ಇದೂ ಅರ್ಥಿಂಗ್ ತೊಂದರೆಯೇ?

ಉತ್ತರ

ಅಲ್ಲ. ಅದು ವಿದ್ಯುತ್ ಉಳಿಸುವ ವ್ಯವಸ್ಥೆಯ ಸದ್ದು. ಧ್ವನಿ ನಿಂತ ಕೆಲವು ಸೆಕೆಂಡುಗಳ ನಂತರ ಡ್ರೈವರ್ ಕೋಡೆಕ್ಕನ್ನು ಮಲಗಿಸುತ್ತದೆ, ಮತ್ತೆ ಧ್ವನಿ ಬಂದಾಗ ಎಬ್ಬಿಸುತ್ತದೆ. ಮಲಗುವಾಗಲೂ ಏಳುವಾಗಲೂ ಔಟ್‌ಪುಟ್‌ನ ವೋಲ್ಟೇಜ್ ಥಟ್ಟನೆ ಬದಲಾಗುವುದರಿಂದ ಟಕ್ ಎನ್ನುತ್ತದೆ. ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್ ಎಂಬ ಕರ್ನೆಲ್ ಮಾಡ್ಯೂಲಿಗೆ, ಅಂದರೆ ಲಿನಕ್ಸಿನ ಧ್ವನಿ ಡ್ರೈವರಿಗೆ, ಪವರ್ ಸೇವ್ ಎಂಬ ಮೌಲ್ಯವಿದೆ. ಮಾಡ್‌ಪ್ರೋಬ್ ಸಂರಚನೆಯ ಕಡತದಲ್ಲಿ ಅದನ್ನು 0 ಮಾಡಿ ಯಂತ್ರವನ್ನು ಮತ್ತೆ ಆರಂಭಿಸಿ. ಬ್ಯಾಟರಿ ಉಳಿಸಲು ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿಕೊಂಡಿದ್ದರೆ ಅದು ತನ್ನದೇ ಮೌಲ್ಯವನ್ನು ಮೇಲೆ ಹೇರುವುದರಿಂದ ಅದರ ಸಂರಚನೆಯಲ್ಲೂ ಧ್ವನಿಗೆ ಸಂಬಂಧಿಸಿದ ಎರಡೂ ಸಾಲುಗಳನ್ನು, ಅಂದರೆ ಚಾರ್ಜರಿನ ಮೇಲಿದ್ದಾಗಿನದು ಮತ್ತು ಬ್ಯಾಟರಿಯ ಮೇಲಿದ್ದಾಗಿನದು, 0 ಮಾಡಬೇಕು. ಬ್ಯಾಟರಿಯ ಅವಧಿ ಇದರಿಂದ ತುಸು ಕಡಿಮೆಯಾಗುತ್ತದೆ, ಗಮನಕ್ಕೆ ಬರುವಷ್ಟಲ್ಲ.

ಆಮೇಲೂ ಟಕ್ ಉಳಿದರೆ ಲಿನಕ್ಸಿನಲ್ಲಿ ಧ್ವನಿಯನ್ನು ನಿರ್ವಹಿಸುವ ತಂತ್ರಾಂಶಗಳಾದ ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್ ಕಡೆ ನೋಡಿ. ಧ್ವನಿ ನಿಂತ 5 ಸೆಕೆಂಡಿಗೆ ಅವೂ ಸಾಧನವನ್ನು ಬಿಟ್ಟುಕೊಡುತ್ತವೆ, ಆ ಅವಧಿಯನ್ನೂ ಸಂರಚನೆಯಲ್ಲಿ ರದ್ದು ಮಾಡಬಹುದು.

ಪ್ರಶ್ನೆ ಕೇಳಿದವರು

ಸರ್, ಎಲೆಕ್ಟ್ರಿಷಿಯನ್ ಬಂದು ನೋಡಿದರು. ತಾವು ಹೇಳಿದಂತೆಯೇ ಜಗಲಿಯ ಸಾಕೆಟ್ಟಿಗೆ ಅರ್ಥ್ ತಂತಿ ಬೋರ್ಡಿನವರೆಗೆ ಬಂದು ಅಲ್ಲೇ ತುಂಡಾಗಿತ್ತು. ಹೊಸ ತಂತಿ ಎಳೆದ ಮೇಲೆ ಜುಮ್ ಎನ್ನುವುದು ನಿಂತಿತು. ಎರಡೂ ಸಾಧನಗಳನ್ನು ಒಂದೇ ಬೋರ್ಡಿಗೆ ಹಾಕಿದ್ದೇವೆ, ಗುಂಯ್ ಕೇಳಿಸುತ್ತಿಲ್ಲ. ಆಂಪ್ಲಿಫೈಯರಿನ ಪಕ್ಕದಲ್ಲಿ ಹಳೆಯ ಬಟನ್ ಫೋನ್ ಇಟ್ಟಾಗ ಮಾತ್ರ ಕರೆ ಬರುವ ಮುಂಚೆ ಟರ್ ಟರ್ ಎನ್ನುತ್ತದೆ.

ಫ್ಲೈಟ್ ಮೋಡ್ ಹಾಕಿದಾಗ ಚಟಪಟ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಲೇಟೆನ್ಸಿಮಾನ್ ವೈಫೈಗೆ ಸಂಬಂಧಿಸಿದ ಡ್ರೈವರನ್ನು ಮೊದಲ ಸಾಲಿನಲ್ಲಿ ತೋರಿಸಿತು, ಪೇಜ್‌ಫಾಲ್ಟ್ ಸಂಖ್ಯೆಯೂ ಏರುತ್ತಲೇ ಇತ್ತು. ಬಾಸ್ ಬೂಸ್ಟ್ ನಿಜವಾಗಿಯೂ ಹಾಕಿಯೇ ಇತ್ತು, ಮಕ್ಕಳು ಹಾಕಿದ್ದಿರಬೇಕು. ತೆಗೆದ ಮೇಲೆ ಗರಗರ ಸ್ವಲ್ಪ ತಗ್ಗಿದೆ, ಹೋಗಿಲ್ಲ.

ಉತ್ತರ

ಫೋನಿನ ಟರ್ ಟರ್ ಬಗ್ಗೆ ಚಿಂತೆ ಬೇಡ. 2ಜಿ ಫೋನ್ ರೇಡಿಯೊ ಸಂಕೇತವನ್ನು ಒಂದೇ ಸಮನೆ ಕಳಿಸದೆ ಸೆಕೆಂಡಿಗೆ ಸುಮಾರು 217 ಸಲ ತುಂಡು ತುಂಡಾಗಿ ಕಳಿಸುತ್ತದೆ, ಆ ಮಿಡಿತವನ್ನು ಆಂಪ್ಲಿಫೈಯರಿನ ವೈರ್ ಹಿಡಿದುಕೊಳ್ಳುತ್ತದೆ. ಫೋನನ್ನು ಒಂದು ಮೀಟರ್ ದೂರ ಇಟ್ಟರೆ ಸಾಕು.

ಚಟಪಟಕ್ಕೆ ಎರಡು ಕಾರಣಗಳು ಜೊತೆಯಾಗಿವೆ. ವೈಫೈ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಪುಟದಿಂದ, ಇಲ್ಲವೇ ವೈಫೈ ಚಿಪ್ ತಯಾರಕರಿಂದ ಪಡೆದು ಹಾಕಿ. ಎಲ್ಲ ಡ್ರೈವರುಗಳನ್ನೂ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಉಚಿತ ತಂತ್ರಾಂಶಗಳ ಹತ್ತಿರ ಸುಳಿಯಬೇಡಿ. ಹೊಸ ಡ್ರೈವರಿನಿಂದ ಕೆಡುಕಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಇದ್ದೇ ಇದೆ. ಪವರ್ ಆಪ್ಷನ್ಸ್‌ನಲ್ಲಿ ವೈಫೈ ಅಡಾಪ್ಟರಿನ ವಿದ್ಯುತ್ ಉಳಿತಾಯವನ್ನು ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್‌ಗೆ ಇಟ್ಟು ನೋಡುವುದೂ ಒಳ್ಳೆಯದು.

ಪೇಜ್‌ಫಾಲ್ಟಿಗೆ ನಿಜವಾದ ಪರಿಹಾರ ರ‍್ಯಾಮ್ ಮತ್ತು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್. ನಾಲ್ಕನೆಯ ಪೀಳಿಗೆಯ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಮಾದರಿಯ ರ‍್ಯಾಮ್ ಬೇಕು. ಅಂಗಡಿಯಲ್ಲಿ ಬರೀ ಡಿಡಿಆರ್3 ಎಂದು ಕೇಳಿದರೆ 1.5 ವೋಲ್ಟಿನದನ್ನು ಕೊಟ್ಟುಬಿಡಬಹುದು, ಅದನ್ನು ಹಾಕಿದರೆ ಯಂತ್ರ ಏಳದೇ ಇರಬಹುದು. ಹಾರ್ಡ್‌ಡಿಸ್ಕಿನ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಗೆಯೇ ಕೂರುತ್ತದೆ. ಬೋರ್ಡ್ ಬದಲಾಯಿಸಲು ಕೇಳಿದ ಹಣದ ಸಣ್ಣ ಭಾಗದಲ್ಲಿ ಇವೆರಡೂ ಮುಗಿಯುತ್ತವೆ, ಧ್ವನಿಯ ಜೊತೆಗೆ ಯಂತ್ರವೂ ಚುರುಕಾಗುತ್ತದೆ.

ಕೊಳ್ಳುವ ಮೊದಲು ಖಚಿತಪಡಿಸಿಕೊಳ್ಳಲು ಒಂದು ದಾರಿಯಿದೆ. 8 ಜಿಬಿಯ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟನ್ನು ಬರೆದು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಯಂತ್ರವನ್ನು ಆರಂಭಿಸಿ, ಅದೇ ಹಾಡನ್ನು ಕೇಳಿ. ಅಲ್ಲಿ ಚಟಪಟ ಇಲ್ಲದಿದ್ದರೆ ಕೋಡೆಕ್ ನಿರಪರಾಧಿ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಾಗೆ ನೋಡುವಾಗ ಮಿಂಟ್ ನಿಮಗೆ ಹಿಡಿಸುತ್ತದೆಯೇ ಎಂಬುದೂ ತಿಳಿದಂತಾಗುತ್ತದೆ.

ಈಗ ಗರಗರಕ್ಕೆ ಬರೋಣ. ಮದ್ದಳೆಗೆ ಬಂದು ಚೆಂಡೆಗೆ ಬಾರದಿರುವುದೇ ಇಲ್ಲಿ ದೊಡ್ಡ ಸುಳಿವು. ಕೆಳಸ್ವರಕ್ಕೆ ಸ್ಪೀಕರಿನ ಪೊರೆ ಹೆಚ್ಚು ದೂರ ಹೋಗಿ ಬರಬೇಕು. ಹೋಗುವ ದಾರಿಯಲ್ಲಿ ಏನಾದರೂ ತಾಗಿದರೆ, ಅಂಚು ಹರಿದಿದ್ದರೆ, ಅಥವಾ ಅಕ್ಕಪಕ್ಕದ ಪ್ಲಾಸ್ಟಿಕ್ ಸಡಿಲವಾಗಿದ್ದರೆ ಆಗ ಮಾತ್ರ ಗರಗರ ಎನ್ನುತ್ತದೆ. ಇದಕ್ಕೆ ತಂತ್ರಾಂಶದ ಕಾರಣವೂ ಒಂದು ಸೇರಿರಬಹುದು. ಅನೇಕ ತಯಾರಕರು ತಮ್ಮ ಆಡಿಯೊ ಡ್ರೈವರಿನಲ್ಲಿ ಆಯಾ ಮಾದರಿಯ ಸ್ಪೀಕರಿಗೆ ತಕ್ಕಂತೆ ಕೆಳಸ್ವರಗಳನ್ನು ತಡೆಯುವ ಹೊಂದಾಣಿಕೆ ಮಾಡಿರುತ್ತಾರೆ. ವಿಂಡೋಸ್ ಬದಲಾಯಿಸಿದಾಗ ಆ ಡ್ರೈವರ್ ಹೋಗಿ ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್ ಬಂದು ಕೂತಿದ್ದರೆ ಆ ಹೊಂದಾಣಿಕೆಯೂ ಹೋಗಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡೆಕ್ ತಯಾರಕರ ಹೆಸರಿಲ್ಲದೆ ಬರೀ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಎಂದಿದ್ದರೆ ನಿಮ್ಮಲ್ಲಿ ಹಾಗೆಯೇ ಆಗಿದೆ. ಮಾದರಿಯ ಪುಟದಿಂದ ಆಡಿಯೊ ಡ್ರೈವರ್ ಇಳಿಸಿ ಹಾಕಿ.

ಅನಂತರ ಬ್ಯಾಲೆನ್ಸ್ ಅನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ಸರಿಸಿ ಯಾವ ಬದಿಯ ಸ್ಪೀಕರ್ ಎಂದು ಪತ್ತೆ ಮಾಡಿ. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರುವ ಟೋನ್ ಒಂದನ್ನು ಮಧ್ಯಮ ವಾಲ್ಯೂಮಿನಲ್ಲಿ ನುಡಿಸಿ. 200 ಹರ್ಟ್ಸ್‌ಗಿಂತ ಕೆಳಗೆ ಈ ಪುಟ್ಟ ಸ್ಪೀಕರುಗಳು ಹೇಗೂ ಹೆಚ್ಚೇನೂ ನುಡಿಯುವುದಿಲ್ಲ, ಅಲ್ಲಿಂದ ಮೇಲೆ ಗರಗರ ಎಲ್ಲಿ ಎದ್ದಿತೋ ಆ ಸ್ವರದಲ್ಲೇ ನಿಲ್ಲಿಸಿ, ಸ್ಪೀಕರಿನ ಸುತ್ತಲಿನ ಹೊರಮೈಯನ್ನು ಬೆರಳಿನಿಂದ ಅಲ್ಲಲ್ಲಿ ಮೃದುವಾಗಿ ಒತ್ತಿ. ಒತ್ತಿದಾಗ ಸದ್ದು ನಿಂತರೆ ಅಥವಾ ಬದಲಾದರೆ ಸಡಿಲ ಸ್ಕ್ರೂ, ಬಿರುಕು ಬಿಟ್ಟ ಪ್ಲಾಸ್ಟಿಕ್, ಗಟ್ಟಿಯಾದ ರಬ್ಬರ್ ಇವುಗಳಲ್ಲಿ ಒಂದು. ಬದಲಾಗದಿದ್ದರೆ ಪೊರೆಯೇ ಕೆಟ್ಟಿದೆ.

ಬಿಚ್ಚಲೇಬೇಕಾಗಿ ಬಂದರೆ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಸ್ಕ್ರೂಗಳು ಬೇರೆ ಬೇರೆ ಉದ್ದದವು. ಯಾವುದು ಎಲ್ಲಿಯದು ಎಂದು ಒಂದು ಕಾಗದದಲ್ಲಿ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಡಿ, ಇಲ್ಲದಿದ್ದರೆ ಉದ್ದದ್ದು ಗಿಡ್ಡದರ ತೂತಿಗೆ ಹೋಗಿ ಕೈಯಿಡುವ ಜಾಗದಲ್ಲಿ ಉಬ್ಬೇಳುತ್ತದೆ. ಬ್ಯಾಟರಿ ಎಲ್ಲಿಯಾದರೂ ಉಬ್ಬಿರುವುದು ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಹಾಕಬೇಡಿ. ಉಬ್ಬಿದ ಬ್ಯಾಟರಿ ಸ್ಪೀಕರಿನ ಪೆಟ್ಟಿಗೆಯನ್ನು ಒತ್ತಿ ಗರಗರ ತರಿಸುವುದೂ ಉಂಟು. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೃದುವಾದ ಬ್ರಷ್‌ನಿಂದ ತೆಗೆಯಿರಿ. ಸ್ಪೀಕರಿನ ಆಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಚೂರುಗಳಿದ್ದರೆ ಅಂಟುಟೇಪಿನ ತುದಿಯಿಂದ ಎತ್ತಿ.

ಪ್ರಶ್ನೆ ಕೇಳಿದವರು

ಸರ್, ಪೆನ್‌ಡ್ರೈವಿನ ಮಿಂಟ್‌ನಲ್ಲಿ ಚಟಪಟ ಒಂದೂ ಬರಲಿಲ್ಲ. ಆದ್ದರಿಂದ ರ‍್ಯಾಮ್, ಎಸ್‌ಎಸ್‌ಡಿ ತರಿಸಿ ಹಾಕಿಸಿದೆ, ವೈಫೈ ಡ್ರೈವರನ್ನೂ ಬದಲಾಯಿಸಿದೆ. ವಿಂಡೋಸ್‌ನಲ್ಲೂ ಈಗ ಪದ ಒಡೆಯುವುದಿಲ್ಲ. ಆಡಿಯೊ ಡ್ರೈವರ್ ತಾವು ಊಹಿಸಿದಂತೆ ಸಾಮಾನ್ಯದ್ದೇ ಆಗಿತ್ತು, ಮಾದರಿಯದನ್ನು ಹಾಕಿದೆ.

ಗರಗರ ಬಲಬದಿಯದು. ಬೆರಳಿನಿಂದ ಒತ್ತಿದಾಗ ಬದಲಾಗಲಿಲ್ಲ. ಬಿಚ್ಚಿ ನೋಡಿದರೆ ಪೊರೆಯ ಅಂಚು ಒಂದು ಕಡೆ ಬಿಟ್ಟಿದೆ. ಮಲ್ಟಿಮೀಟರಿನಲ್ಲಿ 3.6 ಓಮ್ ತೋರಿಸುತ್ತದೆ, ಆದರೆ ಸ್ಪೀಕರಿನ ಮೇಲೆ 4 ಓಮ್, 2 ವ್ಯಾಟ್ ಎಂದಿದೆ. ಓಮ್ ಕಡಿಮೆ ತೋರಿಸುವುದೆಂದರೆ ಕಾಯಿಲ್ ಸುಟ್ಟಿದೆಯೇ? ಅಂಚನ್ನು ಅಂಟು ಹಾಕಿ ಕೂರಿಸಬಹುದೇ, ಅಥವಾ ಹೊಸದೇ ಬೇಕೇ?

ಉತ್ತರ

ಕಾಯಿಲ್ ಚೆನ್ನಾಗಿದೆ. ಸ್ಪೀಕರಿನ ಮೇಲೆ ಅಚ್ಚು ಹಾಕುವುದು ಎಸಿ ಸಂಕೇತಕ್ಕೆ ಅದು ಒಡ್ಡುವ ಒಟ್ಟು ತಡೆಯನ್ನು. ಮಲ್ಟಿಮೀಟರ್ ಅಳೆಯುವುದು ತಂತಿಯ ಡಿಸಿ ರೋಧವನ್ನು ಮಾತ್ರ, ಹಾಗಾಗಿ ಅದು ಯಾವಾಗಲೂ ತುಸು ಕಡಿಮೆ ಇರುತ್ತದೆ. ಕಾಯಿಲ್ ತುಂಡಾಗಿದ್ದರೆ ಮೀಟರ್ ಏನನ್ನೂ ಓದುತ್ತಿರಲಿಲ್ಲ.

ಅಂಟು ಹಾಕಿ ನೋಡಬಹುದು, ಆದರೆ ನಾನು ಶಿಫಾರಸು ಮಾಡುವುದಿಲ್ಲ. ಕ್ಷಣದಲ್ಲಿ ಗಟ್ಟಿಯಾಗುವ ಅಂಟು ಪೊರೆಯ ಅಂಚನ್ನು ಬಿರುಸು ಮಾಡಿ ಬೇರೊಂದು ಗರಗರ ಹುಟ್ಟಿಸುತ್ತದೆ. ಒಣಗಿದರೂ ಬಳುಕುವ ರಬ್ಬರಿನಂಥ ಅಂಟನ್ನು ಕೂದಲೆಳೆಯಷ್ಟು ಹಚ್ಚಿದರೆ ತಾತ್ಕಾಲಿಕವಾಗಿ ನಡೆದೀತು. ಹೊಸ ಸ್ಪೀಕರ್ ಜೋಡಿಯ ಬೆಲೆ ಹೆಚ್ಚೇನಿಲ್ಲ. ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಮತ್ತು ಸ್ಪೀಕರಿನ ಚೀಟಿಯ ಮೇಲಿರುವ ಪಾರ್ಟ್ ನಂಬರ್ ಎರಡನ್ನೂ ಕೊಟ್ಟು ಆನ್‌ಲೈನಿನಲ್ಲಿ ಹುಡುಕಿ, ಅಥವಾ ಬೆಂಗಳೂರಿಗೆ ಬರುವವರಿದ್ದರೆ ಎಸ್‌ಪಿ ರಸ್ತೆಯಲ್ಲಿ ಹಳೆಯದನ್ನು ಕೈಗೆ ಕೊಟ್ಟು ವಿಚಾರಿಸಲು ಹೇಳಿ. ಎಡ ಬಲ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಧ್ವನಿ ಸಮನಾಗಿರುತ್ತದೆ.

ಅದೇ ಮಾದರಿ ಸಿಗದೆ ಬೇರೆಯದನ್ನು ಹೊಂದಿಸುವುದಾದರೆ ಎರಡು ವಿಷಯ ಗಮನಿಸಿ. 4 ಓಮಿನ ಜಾಗಕ್ಕೆ 8 ಓಮಿನದು ಹಾಕಿದರೆ ಧ್ವನಿ ಸಣ್ಣದಾಗುತ್ತದೆ ಅಷ್ಟೇ. 4 ಓಮಿಗಿಂತ ಕಡಿಮೆಯದನ್ನು ಹಾಕಿದರೆ ಒಳಗಿನ ಆಂಪ್ಲಿಫೈಯರ್ ಮೇಲೆ ಹೊರೆ ಬಿದ್ದು ಅದು ಕೆಡಬಹುದು. ಇದಕ್ಕಿಂತ ಮುಖ್ಯವಾದದ್ದು ತಂತಿ ಜೋಡಣೆ. ಲ್ಯಾಪ್‌ಟಾಪಿನೊಳಗಿನ ಆಂಪ್ಲಿಫೈಯರ್ ಸಾಮಾನ್ಯವಾಗಿ ಸ್ಪೀಕರಿನ ಎರಡೂ ತಂತಿಗಳನ್ನು ಓಡಿಸುತ್ತದೆ, ಅಂದರೆ ಕಪ್ಪು ತಂತಿ ಗ್ರೌಂಡ್ ಅಲ್ಲ. ಎರಡೂ ಸ್ಪೀಕರಿನ ಕಪ್ಪು ತಂತಿಗಳನ್ನು ಒಂದಕ್ಕೊಂದು ಸೇರಿಸುವುದಾಗಲಿ, ಅವುಗಳನ್ನು ಲೋಹದ ಚೌಕಟ್ಟಿಗೆ ಬೆಸೆಯುವುದಾಗಲಿ ಮಾಡಿದರೆ ಇಷ್ಟು ಹೊತ್ತೂ ಚೆನ್ನಾಗಿದ್ದ ಬೋರ್ಡ್ ಅಂದು ನಿಜವಾಗಿಯೂ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಅದೇ ಪಾರ್ಟ್ ನಂಬರಿನ ಜೋಡಿ ಸಿಕ್ಕಿತು, ಹಾಕಿದ್ದಾಯಿತು. ಮದ್ದಳೆ ಈಗ ಸ್ವಚ್ಛವಾಗಿದೆ. ಒಂದೇ ಒಂದು ಉಳಿದಿದೆ ಸರ್. ರಾತ್ರಿ ನಿಶ್ಶಬ್ದದಲ್ಲಿ ಇಯರ್‌ಫೋನ್ ಹಾಕಿದರೆ ಹಿನ್ನೆಲೆಯಲ್ಲಿ ಸಣ್ಣಗೆ ಸುಂಯ್ ಎನ್ನುತ್ತದೆ. ವಾಲ್ಯೂಮ್ ಸೊನ್ನೆ ಮಾಡಿದರೂ ಇರುತ್ತದೆ. ಇದಕ್ಕೆ ಏನಾದರೂ ಮಾಡಬಹುದೇ?

ಉತ್ತರ

ಮೊದಲು ಮಿಕ್ಸರಿನಲ್ಲಿ ಮೈಕ್ ಬೂಸ್ಟ್, ಪಿಸಿ ಬೀಪ್, ಲೈನ್ ಇನ್ ಇವುಗಳಲ್ಲಿ ಯಾವುದಾದರೂ ತೆರೆದಿದ್ದರೆ ಮ್ಯೂಟ್ ಮಾಡಿ. ಬಳಸದ ಇನ್‌ಪುಟ್ ತೆರೆದಿದ್ದರೆ ಅದರ ಗದ್ದಲವೂ ಇಯರ್‌ಫೋನಿಗೆ ಬರುತ್ತದೆ. ಆಮೇಲೂ ಉಳಿದರೆ ಅದು ಒಳಗಿನ ಹೆಡ್‌ಫೋನ್ ಆಂಪ್ಲಿಫೈಯರಿನ ಸ್ವಂತ ಗದ್ದಲ, ರಿಪೇರಿಯಿಂದ ಹೋಗುವಂಥದ್ದಲ್ಲ. ಕಿವಿಯೊಳಗೆ ಕೂರುವ ಸೂಕ್ಷ್ಮ ಇಯರ್‌ಫೋನಿಗಿಂತ ದೊಡ್ಡ ಹೆಡ್‌ಫೋನಿನಲ್ಲಿ ಅದು ಕಡಿಮೆ ಕೇಳುತ್ತದೆ. ಪೂರ್ತಿ ಬೇಡವೆಂದರೆ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಕೊಳ್ಳಿ. ಅದು ಒಳಗಿನ ಕೋಡೆಕ್ಕನ್ನು ಬಳಸದೆ ತನ್ನದೇ ಕೋಡೆಕ್ಕಿನಿಂದ ಧ್ವನಿ ಕೊಡುತ್ತದೆ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಬೇರೆ ಡ್ರೈವರಿಲ್ಲದೆ ಸಾಮಾನ್ಯವಾಗಿ ನಡೆಯುತ್ತದೆ. ಜಗಲಿಯ ಆಂಪ್ಲಿಫೈಯರಿಗೂ ಅದರಿಂದಲೇ ವೈರ್ ಕೊಡಬಹುದು. ಹಬ್ ಇಲ್ಲದೆ ನೇರವಾಗಿ ಲ್ಯಾಪ್‌ಟಾಪಿನ ಪೋರ್ಟಿಗೆ ಹಾಕಿ, ಪೆನ್‌ಡ್ರೈವ್ ಹಾಕುವ ಬದಿಯನ್ನು ಬಿಟ್ಟು ಇನ್ನೊಂದು ಬದಿಯ ಪೋರ್ಟನ್ನು ಆರಿಸಿಕೊಳ್ಳಿ.